ಬಡ್ಡಿ ಏರಿಸುವವರು ಕಾರಣ ಹೇಳಬೇಕು

ಮೈಸೂರಿನಲ್ಲಿರುವ ನನ್ನ ಅಕ್ಕ 2023ರಲ್ಲಿ ಆದಾಯ ತೆರಿಗೆಯ ಲೆಕ್ಕಕ್ಕೆಂದು ಬ್ಯಾಂಕಿನಿಂದ ಮನೆ ಸಾಲದ ಬಡ್ಡಿಯ ಪ್ರಮಾಣಪತ್ರ ತರಿಸಿಕೊಂಡಳು. ಜೊತೆಗೆ ಬಂದ ಹಾಳೆಯಲ್ಲಿ ಸಾಲ ತೀರುವ ದಿನಾಂಕವನ್ನು ನೋಡಿ ಅವಳಿಗೆ ಕೈಕಾಲು ಆಡದಂತಾಯಿತು. ಭಾವನವರ ನಿವೃತ್ತಿಗೆ ಮುಂಚೆಯೇ ಮುಗಿಯಲೆಂದು ಹಿಂದೆ ಮುಂದೆ ಹತ್ತು ಸಲ ಲೆಕ್ಕ ಹಾಕಿ ತೆಗೆದುಕೊಂಡಿದ್ದ ಸಾಲ ಅದು. ಈಗ ಅದರ ಕೊನೆಯ ಕಂತು ನಿವೃತ್ತಿಯನ್ನು ದಾಟಿ ಎಷ್ಟೋ ವರ್ಷ ಆಚೆ ಹೋಗಿ ಕುಳಿತಿತ್ತು. ಇವರು ಒಂದು ಕಂತನ್ನೂ ತಪ್ಪಿಸಿರಲಿಲ್ಲ. ಕಂತಿನ ಮೊತ್ತ ಒಂದು ರೂಪಾಯಿಯೂ ಹೆಚ್ಚಿರಲಿಲ್ಲ. ಹಾಗಾಗಿಯೇ ಏನೂ ಬದಲಾಗಿಲ್ಲವೆಂದು ನೆಮ್ಮದಿಯಾಗಿದ್ದರು. ಭಾವ ಶಾಖೆಗೆ ಹೋಗಿ ಕೇಳಿದರೆ ಸಿಕ್ಕ ಉತ್ತರ ಇಷ್ಟೇ: “ರೆಪೊ ದರ ಏರಿತಲ್ಲ ಸಾರ್, ಕಂತು ಹಾಗೇ ಇರಲಿ ಎಂದು ಕಂಪ್ಯೂಟರ್ ಅವಧಿಯನ್ನು ಹೆಚ್ಚಿಸಿದೆ.” ರೆಪೊ ದರವೆಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ. ತಿಳಿಸಲಿಲ್ಲವೇಕೆ ಎಂದದ್ದಕ್ಕೆ ಉತ್ತರವೇ ಇರಲಿಲ್ಲ.

ಅದೇ ಸುಮಾರಿಗೆ ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮನೆಯ ಸಾಲದವರಿಂದಲೂ ಒಂದು ಪತ್ರ ಬಂತು. ಇಲ್ಲಿ ಬಹುಪಾಲು ಜನ ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಡ್ಡಿಯನ್ನು ನಿಗದಿ ಮಾಡಿಕೊಂಡು ಸಾಲ ಪಡೆಯುತ್ತಾರೆ. ಆ ಗಡುವು ಮುಗಿಯಲು ಇನ್ನೂ ತಿಂಗಳುಗಳಿರುವಾಗಲೇ ಬಂದ ಪತ್ರ. ನಿಗದಿತ ಬಡ್ಡಿ ಯಾವ ದಿನ ಮುಗಿಯುತ್ತದೆ, ಅಂದಿನಿಂದ ನೀವೇನೂ ಮಾಡದೆ ಕುಳಿತರೆ ತಿಂಗಳಿಗೆ ಎಷ್ಟು ಪೌಂಡ್ ಕಟ್ಟಬೇಕಾಗುತ್ತದೆ, ಎರಡು ವರ್ಷಕ್ಕೆ ನಿಗದಿ ಮಾಡಿಕೊಂಡರೆ ಎಷ್ಟು, ಐದಕ್ಕಾದರೆ ಎಷ್ಟು, ಎಲ್ಲವೂ ಅಂಕಿಗಳಲ್ಲಿ ಇತ್ತು. ಹೊಸ ದರವನ್ನು ಈಗಲೇ ಕಾದಿರಿಸಬಹುದು, ಅದು ಜಾರಿಗೆ ಬರುವ ಮುಂಚೆ ಕಡಿಮೆಯದು ಸಿಕ್ಕಿದರೆ ಬದಲಿಸಿಕೊಳ್ಳಬಹುದು ಎಂದೂ ಬರೆದಿದ್ದರು. ಸಿಹಿ ಸುದ್ದಿಯೇನಲ್ಲ. ನಮ್ಮ ಕಂತು ಏರಿದ್ದನ್ನು ಕಂಡು ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಯಿತು. ಆದರೆ ಏನಾಗಲಿದೆ ಎನ್ನುವುದು ಆಗುವ ಮೊದಲೇ ಗೊತ್ತಾಯಿತು, ಖರ್ಚು ಹೊಂದಿಸಿಕೊಳ್ಳಲು ಸಮಯವೂ ಸಿಕ್ಕಿತು.

ಅಕ್ಕನದೂ ನನ್ನದೂ ಒಂದೇ ಕಾಲದ, ಒಂದೇ ಕಾಯಿಲೆಯ ಸಾಲ. ಕೋವಿಡ್ ಮುಗಿಯುತ್ತಿದ್ದಂತೆ ಸರಕು ಸಾಗಣೆ ಅಸ್ತವ್ಯಸ್ತವಾಗಿತ್ತು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ಯುದ್ಧ ಶುರುವಾದ ಮೇಲೆ ಅನಿಲ, ಎಣ್ಣೆ, ಗೋಧಿ ಎಲ್ಲವೂ ತುಟ್ಟಿಯಾದವು. ಬೆಲೆ ಏರಿದಾಗ ಕೇಂದ್ರ ಬ್ಯಾಂಕುಗಳ ಕೈಯಲ್ಲಿರುವ ಮುಖ್ಯ ಅಸ್ತ್ರ ಬಡ್ಡಿ. ಬ್ಯಾಂಕ್ ಆಫ್ ಇಂಗ್ಲೆಂಡ್ 2021ರ ಡಿಸೆಂಬರ್‌ನಲ್ಲಿ ಶೇ 0.1 ಇದ್ದ ದರವನ್ನು ಏರಿಸುತ್ತಾ ಹೋಗಿ 2023ರ ಆಗಸ್ಟ್‌ನಲ್ಲಿ ಶೇ 5.25ಕ್ಕೆ ತಂದಿತು. ನಮ್ಮ ರಿಸರ್ವ್ ಬ್ಯಾಂಕ್ 2022ರ ಮೇ 4ರಂದು, ನಿಗದಿಯಾಗಿರದ ಸಭೆಯೊಂದನ್ನು ನಡೆಸಿ ರೆಪೊ ದರವನ್ನು ಶೇ 4ರಿಂದ 4.4ಕ್ಕೆ ಏರಿಸಿತು, 2023ರ ಫೆಬ್ರುವರಿಯ ಹೊತ್ತಿಗೆ ಅದು ಶೇ 6.5 ಆಗಿತ್ತು.

ಬಡ್ಡಿ ಏರಿಸಿದರೆ ಬೆಲೆ ಇಳಿಯುವುದು ಹೇಗೆ? ಬಡ್ಡಿಯಿಂದ ಉಕ್ರೇನಿನ ಗೋಧಿ ಹಡಗು ಹತ್ತುವುದಿಲ್ಲ, ಕೋಲಾರದ ಟೊಮೆಟೊ ಬೇಗ ಹಣ್ಣಾಗುವುದಿಲ್ಲ. ಹಣದುಬ್ಬರವನ್ನು ಅಳೆಯುವ ಭಾರತದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ, 2012ರ ಆಧಾರ ವರ್ಷದ ಪ್ರಕಾರ, ಆಹಾರ ಮತ್ತು ಪಾನೀಯಗಳ ಪಾಲೇ ಸುಮಾರು ಶೇ 46 ಇತ್ತು. ಮಳೆ ಕೈಕೊಟ್ಟರೆ ಯಾವ ರೆಪೊ ದರವೂ ತರಕಾರಿ ತಂದುಕೊಡದು. ಬಡ್ಡಿ ಕೆಲಸ ಮಾಡುವುದು ಕೊಳ್ಳುವವನ ಮೇಲೆ. ಸಾಲ ದುಬಾರಿಯಾದಾಗ ಮನೆ ಕಟ್ಟುವವನು ಮುಂದೂಡುತ್ತಾನೆ, ಕಾರ್ಖಾನೆಯವನು ಹೊಸ ಯಂತ್ರ ಬೇಡವೆನ್ನುತ್ತಾನೆ, ಆಗಲೇ ಸಾಲ ಮಾಡಿದವನ ಕೈಯಲ್ಲಿ ತಿಂಗಳ ಕೊನೆಗೆ ಉಳಿಯುವುದು ಕಡಿಮೆಯಾಗುತ್ತದೆ. ಹೀಗೆ ಲಕ್ಷಾಂತರ ಮನೆಗಳು ಸ್ವಲ್ಪ ಸ್ವಲ್ಪ ಕಡಿಮೆ ಕೊಂಡಾಗ ಬೇಡಿಕೆ ತಗ್ಗಿ, ಬೆಲೆಯ ಓಟ ನಿಲ್ಲುತ್ತದೆ. ಬೆಲೆ ಏರುತ್ತಲೇ ಇರುತ್ತದೆಂಬ ಜನರ ನಿರೀಕ್ಷೆಯೂ ತಣಿಯುತ್ತದೆ. ಇದನ್ನು ನಾನು ವಿರೋಧಿಸುವುದಿಲ್ಲ. ಹಣದುಬ್ಬರವನ್ನು ಬಿಟ್ಟುಬಿಟ್ಟರೆ ಮೊದಲು ಸಾಯುವವನು ಕೂಲಿಯವನು ಮತ್ತು ಪಿಂಚಣಿಯವನು.

ಆದರೆ ಈ ಮದ್ದನ್ನು ಕುಡಿಯುವವನು ಸಾಲಗಾರ. ಯುದ್ಧ ಮಾಡಿದವನು ಅವನಲ್ಲ, ಮಳೆ ನಿಲ್ಲಿಸಿದವನೂ ಅವನಲ್ಲ. ಇಡೀ ದೇಶದ ಬೆಲೆಯನ್ನು ತಗ್ಗಿಸಲು ಅವನ ಜೇಬಿಗೆ ಕೈ ಹಾಕುವಾಗ, ಏಕೆ, ಎಷ್ಟು, ಎಲ್ಲಿಯವರೆಗೆ ಎಂದು ಅವನಿಗೆ ಹೇಳುವ ಸೌಜನ್ಯ ಬೇಡವೇ?

ಇಲ್ಲಿಗೆ ಬಂದ ಮೇಲೆ ನನ್ನನ್ನು ತಟ್ಟಿದ್ದು ಈ ಹೇಳುವ ರೂಢಿ. ಸಾಲ ಕೊಟ್ಟವರ ಪತ್ರ ಅದರ ಕೆಳಗಿನ ಮೆಟ್ಟಿಲಾದರೆ, ಮೇಲಿನ ಮೆಟ್ಟಿಲು ಗವರ್ನರ್ ಬರೆಯುವ ಪತ್ರ. ಬ್ರಿಟನ್ನಿನ ಹಣದುಬ್ಬರದ ಗುರಿ ಶೇ 2. ಅದು ಗುರಿಯಿಂದ ಒಂದು ಶೇಕಡಾ ಅಂಶಕ್ಕಿಂತ ಹೆಚ್ಚು ಮೇಲಕ್ಕೋ ಕೆಳಕ್ಕೋ ಸರಿದರೆ ಬ್ಯಾಂಕ್ ಆಫ್ ಇಂಗ್ಲೆಂಡಿನ ಗವರ್ನರ್ ಹಣಕಾಸು ಸಚಿವರಿಗೆ ಬಹಿರಂಗ ಪತ್ರ ಬರೆಯಬೇಕು: ಗುರಿ ಏಕೆ ತಪ್ಪಿತು, ಏನು ಮಾಡುತ್ತಿದ್ದೇವೆ, ಎಂದಿಗೆ ಸರಿಹೋಗುತ್ತದೆ. ಮೂರು ತಿಂಗಳಾದರೂ ಸರಿಹೋಗದಿದ್ದರೆ ಮತ್ತೊಂದು ಪತ್ರ. ಸಚಿವರ ಉತ್ತರವೂ ಬಹಿರಂಗವೇ. ಇಂಥ ಮೊದಲ ಪತ್ರ ಬಂದದ್ದು 2007ರ ಏಪ್ರಿಲ್‌ನಲ್ಲಿ. ಮಾರ್ಚ್‌ನ ಹಣದುಬ್ಬರ ಶೇ 3.1 ಎಂದು ತಿಳಿದ ಕೂಡಲೇ ಗವರ್ನರ್ ಮರ್ವಿನ್ ಕಿಂಗ್, ಹಣಕಾಸು ಸಚಿವ ಗೋರ್ಡನ್ ಬ್ರೌನ್ ಅವರಿಗೆ ಬರೆದರು. ಮಿತಿ ಮೀರಿದ್ದು 0.1 ಮಾತ್ರ! 2022ರಲ್ಲಂತೂ ಗವರ್ನರ್ ಆಂಡ್ರ್ಯೂ ಬೈಲಿ ಪತ್ರದ ಮೇಲೆ ಪತ್ರ ಬರೆದರು. ನಾನು ಅರ್ಥಶಾಸ್ತ್ರ ಓದಿದವನಲ್ಲ. ಆದರೂ ಅವನ್ನು ಓದಿ, ಏರಿಕೆಯಲ್ಲಿ ಇಂಧನದ ಪಾಲೆಷ್ಟು, ಸಂಬಳದ ಪಾಲೆಷ್ಟು ಎಂದು ತಿಳಿದುಕೊಂಡೆ.

ಇದರಿಂದಾಗಿಯೋ ಏನೋ, ದರ ಪ್ರಕಟವಾಗುವ ಗುರುವಾರ ಮಧ್ಯಾಹ್ನ 12 ಗಂಟೆಗೆ ನಮ್ಮ ಕಚೇರಿಯಲ್ಲಿ ಕಾವಲುಗಾರನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರೂ ಮೊಬೈಲ್ ನೋಡುತ್ತಾರೆ. ದರ ತೀರ್ಮಾನಿಸುವ ಸಮಿತಿಯ ಒಂಬತ್ತು ಸದಸ್ಯರಲ್ಲಿ ಎಷ್ಟು ಮಂದಿ ಏರಿಕೆಯ ಪರ, ಎಷ್ಟು ಮಂದಿ ವಿರುದ್ಧ ಎಂಬುದು ಚಹಾದ ಹೊತ್ತಿನ ಮಾತು. ಆ ಸಮಿತಿಯ ಅಂದಾಜುಗಳು ಕೆಟ್ಟದಾಗಿ ತಪ್ಪಿದಾಗ, ಅಮೆರಿಕದ ಫೆಡರಲ್ ರಿಸರ್ವ್‌ನ ಮಾಜಿ ಅಧ್ಯಕ್ಷ ಬೆನ್ ಬರ್ನಾಂಕೆ ಅವರನ್ನು ಕರೆಸಿ ಪರಿಶೀಲನೆ ಮಾಡಿಸಿದರು. ಬ್ಯಾಂಕಿನ ಲೆಕ್ಕದ ಪದ್ಧತಿಯನ್ನೂ ಹಳೆಯ ತಂತ್ರಾಂಶವನ್ನೂ ಟೀಕಿಸಿದ ಆ ವರದಿಯನ್ನು 2024ರ ಏಪ್ರಿಲ್‌ನಲ್ಲಿ ಬ್ಯಾಂಕೇ ಪ್ರಕಟಿಸಿತು.

ಈಗ ನಮ್ಮ ಕಡೆಯದನ್ನು ನೋಡಿ. 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ಮಾಡಿ ನಾವೂ ಇದೇ ದಾರಿ ಹಿಡಿದೆವು. ಗುರಿ ಶೇ 4. ಎರಡು ಅಂಶ ಮೇಲೆ, ಎರಡು ಅಂಶ ಕೆಳಗೆ ಸಹಿಸಬಹುದು. ಸತತ ಮೂರು ತ್ರೈಮಾಸಿಕ ಸರಾಸರಿ ಹಣದುಬ್ಬರ ಈ ಗೆರೆಯಾಚೆ ಇದ್ದರೆ ಅದನ್ನು ವೈಫಲ್ಯವೆಂದೇ ಪರಿಗಣಿಸಲಾಗುತ್ತದೆ. ಆಗ ಕಾರಣ, ಪರಿಹಾರ, ತಗಲುವ ಕಾಲ, ಈ ಮೂರನ್ನೂ ವಿವರಿಸಿ ಬ್ಯಾಂಕ್ ಕೇಂದ್ರ ಸರ್ಕಾರಕ್ಕೆ ವರದಿ ಕೊಡಬೇಕೆಂದು ಕಾಯ್ದೆಯ 45ಝಡ್‌ಎನ್ ಕಲಮು ಹೇಳುತ್ತದೆ. 2022ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಹಾಗೆಯೇ ಆಯಿತು. ನವೆಂಬರ್ 3ರಂದು ರಿಸರ್ವ್ ಬ್ಯಾಂಕಿನ ದರ ತೀರ್ಮಾನಿಸುವ ಸಮಿತಿ ಇದಕ್ಕೆಂದೇ ವಿಶೇಷ ಸಭೆ ಸೇರಿತು, ಪತ್ರವೂ ದೆಹಲಿಗೆ ಹೋಯಿತು. ಅದರಲ್ಲೇನಿದೆ ಎಂದು ಕಂತು ಕಟ್ಟುವವರಿಗೆ ಹೇಳಲಿಲ್ಲ. ಯಾರಿಗೆ ಬರೆದಿದ್ದೇವೋ ಅವರಿಗೆ ತಲುಪುವ ಮೊದಲು ಬಹಿರಂಗಪಡಿಸುವ ಅಧಿಕಾರ ತಮಗಿಲ್ಲವೆಂದು ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಹೇಳಿದ್ದರು, ಅದು ಸರಿಯೇ. ಆದರೆ ತಲುಪಿದ ಮೇಲೆ? ಪ್ರಕಟಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು ಡಿಸೆಂಬರ್‌ನಲ್ಲಿ ಸರ್ಕಾರ ಲೋಕಸಭೆಗೆ ತಿಳಿಸಿತು.

ನನ್ನ ಅಕ್ಕನ ಶಾಖೆಯ ಮೌನಕ್ಕೂ ದೆಹಲಿಯ ಆ ಮೌನಕ್ಕೂ ನಂಟಿದೆ ಎಂದೇ ನನ್ನ ನಂಬಿಕೆ. ದೊಡ್ಡವರು ತೀರ್ಮಾನ ಮಾಡುತ್ತಾರೆ, ನಾವು ಕಟ್ಟುತ್ತೇವೆ. ಕಾರಣ ಕೇಳುವುದು ಅಧಿಕಪ್ರಸಂಗ. ಮನೆಯಲ್ಲಿ ಅಪ್ಪನ ಸಾಲ ಎಷ್ಟೆಂದು ಮಕ್ಕಳು ಕೇಳಬಾರದೆಂದು ಬೆಳೆದವರಲ್ಲವೇ ನಾವು.

ಮೌನದ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡಬಹುದು. 30 ಲಕ್ಷ ರೂಪಾಯಿ ಸಾಲ, ಶೇ 7ರ ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು ಸುಮಾರು 23,260 ರೂಪಾಯಿ. ಎರಡು ವರ್ಷ ಸರಿಯಾಗಿ ಕಟ್ಟಿದ ಮೇಲೆ ಉಳಿಯುವ ಅಸಲು ಸುಮಾರು 28.5 ಲಕ್ಷ. ಆಗ ಬಡ್ಡಿ ಶೇ 9.5ಕ್ಕೆ ಏರಿತೆನ್ನಿ. ಆ ಅಸಲಿಗೆ ತಿಂಗಳ ಬಡ್ಡಿಯೇ 22,500 ರೂಪಾಯಿ ದಾಟುತ್ತದೆ. ಕಂತು ಬದಲಾಗದಿದ್ದರೆ ಅಸಲಿಗೆ ಹೋಗುವುದು ಏಳುನೂರು ರೂಪಾಯಿಗೂ ಕಡಿಮೆ, ಉಳಿದಿದ್ದ 18 ವರ್ಷದ ಸಾಲ ತೀರಲು 37 ವರ್ಷ ಬೇಕು. ಸಾಲ ಪಡೆದ ಹೊಸತರಲ್ಲೇ ದರ ಏರಿದ್ದರಂತೂ ಕಂತು ಬಡ್ಡಿಗೇ ಸಾಲದೆ ಅಸಲು ಬೆಳೆಯುತ್ತದೆ. ಕಂತು ಏರಿಸದಿರುವುದು ದಯೆಯಂತೆ ಕಾಣುತ್ತದೆ, ಅದು ದಯೆಯಲ್ಲ. ಮೊದಲೇ ತಿಳಿಸಿದ್ದರೆ ಅಕ್ಕ ಎರಡು ಸಾವಿರ ರೂಪಾಯಿ ಹೆಚ್ಚು ಕಟ್ಟುತ್ತಿದ್ದಳು. ಅವಳು ಅಷ್ಟು ಲೆಕ್ಕ ಬಲ್ಲವಳು. ಅವಳ ಪರವಾಗಿ ಯಾರೋ ತೀರ್ಮಾನ ಮಾಡಿದ್ದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಈ ದೂರುಗಳು ರಿಸರ್ವ್ ಬ್ಯಾಂಕಿನ ಕಿವಿಗೆ ಬೀಳಲಿಲ್ಲ ಎನ್ನುವಂತಿಲ್ಲ. 2023ರ ಆಗಸ್ಟ್ 18ರಂದು ಅದು ಸುತ್ತೋಲೆ ಹೊರಡಿಸಿತು: ದರ ಬದಲಾದಾಗ ಸಾಲಗಾರನಿಗೆ ತಿಳಿಸಬೇಕು, ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಎಂಬ ಆಯ್ಕೆ ಅವನದಾಗಿರಬೇಕು, ಅಸಲು ಬೆಳೆಯುವಂತೆ ಅವಧಿ ಹಿಗ್ಗಿಸಬಾರದು. ಇಂಗ್ಲೆಂಡಿನ ಪತ್ರದಲ್ಲಿ ನಾನು ಮೆಚ್ಚಿದ್ದೆಲ್ಲ ಹೆಚ್ಚುಕಡಿಮೆ ಅದರಲ್ಲಿದೆ. ಬರುವಾಗ ತಡವಾಯಿತು, ಅಷ್ಟೇ. ಸಮಿತಿಯ ಆರು ಸದಸ್ಯರಲ್ಲಿ ಯಾರು ಹೇಗೆ ಮತ ಹಾಕಿದರು, ಏನು ವಾದಿಸಿದರು ಎಂಬುದನ್ನೂ ನಮ್ಮ ಬ್ಯಾಂಕ್ ಸಭೆಯಾದ 14ನೇ ದಿನ ಹೆಸರು ಸಮೇತ ಪ್ರಕಟಿಸುತ್ತದೆ.

ಇನ್ನೂ ಕೆಲವನ್ನು ಹೇಳಲೇಬೇಕು. ಇಷ್ಟೆಲ್ಲ ಪತ್ರ ಬರೆದ ಬ್ರಿಟನ್ನಿನಲ್ಲಿ ಹಣದುಬ್ಬರ 2022ರ ಅಕ್ಟೋಬರ್‌ನಲ್ಲಿ ಶೇ 11.1 ತಲುಪಿತು. ಆ ವರ್ಷ ಭಾರತದಲ್ಲಿ ಅತಿ ಹೆಚ್ಚೆಂದರೆ ಏಪ್ರಿಲ್‌ನ ಶೇ 7.79. ಸಂಬಳ ಹೆಚ್ಚಳ ಕೇಳುವಾಗ ಸಂಯಮವಿರಲಿ ಎಂದು ಗವರ್ನರ್ ಬೈಲಿ ಹೇಳಿದಾಗ, ಹೀಟರ್ ಹಾಕಲು ಹೆದರುತ್ತಿದ್ದ ಜನ ಎಷ್ಟು ನೊಂದರೆಂಬುದನ್ನು ಕಣ್ಣಾರೆ ಕಂಡಿದ್ದೇನೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಸಾಲದ ಹಣದಲ್ಲಿ ತೆರಿಗೆ ಕಡಿತ ಘೋಷಿಸಿ ಸಾಲಪತ್ರದ ಮಾರುಕಟ್ಟೆ ಕುಸಿದಾಗ, ಮನೆ ಸಾಲದ ಕೊಡುಗೆಗಳನ್ನು ಇಲ್ಲಿನ ಬ್ಯಾಂಕುಗಳು ರಾತ್ರೋರಾತ್ರಿ ಹಿಂತೆಗೆದುಕೊಂಡವು. ಆಗ ಯಾವ ಮುನ್ಸೂಚನೆಯೂ ಇರಲಿಲ್ಲ. ನಿಗದಿತ ಬಡ್ಡಿಯ ಅವಧಿಯಲ್ಲಿ ಒಂದು ಮಿತಿ ಮೀರಿ ಹೆಚ್ಚಿನ ಹಣ ತಂದು ಅಸಲು ತೀರಿಸಹೊರಟರೆ ಸಾಮಾನ್ಯವಾಗಿ ದಂಡ ಕಟ್ಟಬೇಕು. ಭಾರತದಲ್ಲಿ ಬದಲಾಗುವ ಬಡ್ಡಿಯ ಮನೆ ಸಾಲಕ್ಕೆ ಅಂಥ ದಂಡವನ್ನು ಬ್ಯಾಂಕುಗಳು ವಿಧಿಸದಂತೆ 2012ರಲ್ಲೇ ನಿಷೇಧವಾಗಿದೆ. ಭಾವನವರಿಗೆ ಜೀವ ವಿಮೆಯ ಹಣ ಬಂದಾಗ ಅದನ್ನು ಹಾಗೆಯೇ ಅಸಲಿಗೆ ಕಟ್ಟಿ ನಾಲ್ಕಾರು ವರ್ಷ ಇಳಿಸಿಕೊಂಡರು. ಇಲ್ಲಿದ್ದಿದ್ದರೆ ಅದು ಅಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಹಾಗಿದ್ದರೂ ದೆಹಲಿಗೆ ಹೋದ ಆ ಒಂದು ಪತ್ರದ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ರಿಸರ್ವ್ ಬ್ಯಾಂಕ್ ನಾಚಬೇಕಾದದ್ದು ಅದರಲ್ಲಿ ಏನೂ ಇದ್ದಿರಲಾರದು. ಆ ವರ್ಷ ಗುರಿ ತಪ್ಪದ ಕೇಂದ್ರ ಬ್ಯಾಂಕುಗಳೇ ಅಪರೂಪ. ನಿಯಮವೂ ಎರಡು ಕಡೆಗೆ ಹರಿತ. 2025ರ ಅಕ್ಟೋಬರ್‌ನಲ್ಲಿ ಭಾರತದ ಹಣದುಬ್ಬರ ಶೇ 0.25ಕ್ಕೆ ಇಳಿದಿತ್ತು. ಶೇ 2ಕ್ಕಿಂತ ಕೆಳಗೆ ಸತತ ಮೂರು ತ್ರೈಮಾಸಿಕ ಕಳೆದರೂ ಅದೇ ವರದಿ ಬರೆಯಬೇಕು, ಆಗ ಉತ್ತರ ಕೊಡಬೇಕಾದದ್ದು ಬೆಳೆಗೆ ಬೆಲೆ ಸಿಗದ ರೈತನಿಗೆ. ವರದಿ ಸರ್ಕಾರಕ್ಕೆ ತಲುಪಿದ ದಿನವೇ ಅದನ್ನು ಸಂಸತ್ತಿನ ಮುಂದಿಡಬೇಕು, ಕನ್ನಡವೂ ಸೇರಿದಂತೆ ಜನ ಓದುವ ಭಾಷೆಗಳಲ್ಲಿ ಪ್ರಕಟಿಸಬೇಕು ಎಂಬ ಒಂದು ವಾಕ್ಯವನ್ನು 45ಝಡ್‌ಎನ್ ಕಲಮಿಗೆ ಸೇರಿಸಿದರೆ ಸಾಕು. ಕಾಯ್ದೆಯಲ್ಲಿ ಅವಕಾಶವಿಲ್ಲ ಎಂದು ಲೋಕಸಭೆಯಲ್ಲಿ ಹೇಳಿದ ಸರ್ಕಾರ, ಆ ಅವಕಾಶ ಕಲ್ಪಿಸುವ ತಿದ್ದುಪಡಿಯನ್ನು ಅದೇ ಸದನದಲ್ಲಿ ಮಂಡಿಸಬಹುದು. ಕರ್ನಾಟಕದ 28 ಲೋಕಸಭಾ ಸಂಸದರಲ್ಲಿ ಒಬ್ಬರಾದರೂ ಅದನ್ನು ಕೇಳಲಿ.