ಭಾವನ ಬಾಟಲಿ

ನಮ್ಮ ಭಾವ ನಿವೃತ್ತರಾದ ಮೇಲೆ ಎಲ್ಲರ ಹಾಗೆ ನಿವೇಶನ ಕೊಂಡು ಮನೆ ಕಟ್ಟಿಸಲಿಲ್ಲ. ಗಾಡಿ ಕೊಂಡು ಅದರೊಳಗೆ ಮನೆ ಕಟ್ಟಿಸಿದರು. ಮದುವೆ ದಿಬ್ಬಣಗಳಿಗೆ ಓಡಾಡಿ ಸವೆದಿದ್ದ ಹಳೆಯ ಟೆಂಪೊ ಟ್ರಾವೆಲರ್ ಅದು. ಸೀಟುಗಳನ್ನು ಕಿತ್ತು ಹಾಕಿಸಿ ಎರಡು ಮಂಚ, ಗ್ಯಾಸ್ ಒಲೆ, ಬೇಸಿನ್ನು, ನೆತ್ತಿಯ ಮೇಲೊಂದು ನೀರಿನ ಟ್ಯಾಂಕು, ಹಿಂಬದಿಯಲ್ಲಿ ಒಬ್ಬರು ನಿಂತರೆ ಬಾಗಿಲು ಹಾಕಲಾಗದ ಬಚ್ಚಲು ಕೂರಿಸಿದರು. ಇದಕ್ಕೆಲ್ಲ ಒಪ್ಪಿಗೆ ಪಡೆಯಲು ಅವರು ಕಚೇರಿಗಳನ್ನು ಅಲೆದ ಕಥೆ ಬೇರೆಯೇ ಇದೆ, ಅದು ಇಲ್ಲಿ ಬೇಡ. ಈಗ ಆ ವಾಹನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಎರಡು ಮನೆಗಳ ರಂಗೋಲಿ ಜಾಗವನ್ನು ಆಕ್ರಮಿಸಿಕೊಂಡು ನಿಂತಿರುತ್ತದೆ. ಭಾವ ಅದನ್ನು ಮೋಟರ್‌ಹೋಮ್ ಎನ್ನುತ್ತಾರೆ. ಅಕ್ಕ ‘ಅವರ ಎರಡನೇ ಸಂಸಾರ’ ಎನ್ನುತ್ತಾಳೆ.

ಭಾವ ಜೀವಮಾನವಿಡೀ ಲೆಕ್ಕಪತ್ರ ಬರೆದವರು. ತಮ್ಮ ರಕ್ತದೊತ್ತಡ ಎಷ್ಟೆಂದು ಡಾಕ್ಟರು ಕೇಳಿದರೆ ಅಕ್ಕನ ಮುಖ ನೋಡುತ್ತಾರೆ. ಗಾಡಿಯ ಮೈಲೇಜು ಮಾತ್ರ ದಶಮಾಂಶದೊಡನೆ ಬಾಯಲ್ಲಿರುತ್ತದೆ. ಲೀಟರಿಗೆ ಹತ್ತು ಕೊಡುತ್ತಿದ್ದ ಗಾಡಿ ಎಂಟೂವರೆಗೆ ಇಳಿದಾಗ ಅವರಿಗೆ ಊಟ ಸೇರಲಿಲ್ಲ. ಅದೇ ಸಮಯಕ್ಕೆ ಬಂಕಿನ ಹುಡುಗನೊಬ್ಬ ಹಸಿರು ಬಣ್ಣದ ಪುಟ್ಟ ಬಾಟಲಿ ತೋರಿಸಿ, “ಇದನ್ನು ಡೀಸೆಲ್ ಟ್ಯಾಂಕಿಗೆ ಹಾಕಿ ಸಾರ್, ಮೈಲೇಜು ಹೇಗೆ ಬರುತ್ತದೆ ನೋಡಿ” ಎಂದ. ಮಾರನೆಯ ದಿನ ಒಂದು ಪೆಟ್ಟಿಗೆಯೇ ಮನೆಗೆ ಬಂದಿತು.

ಬಾಟಲಿಯ ಮೇಲಿನ ಬರಹವನ್ನು ನಾನು ಭೂತಗನ್ನಡಿ ಹಿಡಿದು ಓದಿದೆ. ನಾಜಲ್ ಸ್ವಚ್ಛಗೊಳಿಸುತ್ತದೆ, ಸೀಟೇನ್ ಸಂಖ್ಯೆ ಏರಿಸುತ್ತದೆ, ಪಂಪಿಗೆ ಜಾರುಗುಣ ಕೊಡುತ್ತದೆ, ನೀರು ತೆಗೆಯುತ್ತದೆ, ಹೊಗೆ ಇಳಿಸುತ್ತದೆ, ಇಷ್ಟೆಲ್ಲ ಮಾಡಿದ ಮೇಲೆ ಮೈಲೇಜನ್ನೂ ಹೆಚ್ಚಿಸುತ್ತದೆ. ಸಂತಾನಭಾಗ್ಯವೊಂದನ್ನು ಬರೆದಿರಲಿಲ್ಲ.

ಇದರಲ್ಲಿ ಎಲ್ಲವೂ ಸುಳ್ಳೆಂದು ನಾನು ಹೇಳುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಡೀಸೆಲ್ ಎಂಜಿನ್ನಿನ ನಾಜಲ್ಲಿನಲ್ಲಿ ಇರುವ ತೂತುಗಳು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು. ಅದರ ಬಾಯಿಗೆ ಮಸಿ ಕಟ್ಟಿದರೆ ಡೀಸೆಲ್ ಮಂಜಿನ ಹನಿಯಾಗಿ ಸಿಡಿಯುವ ಬದಲು ತೊಟ್ಟಿಕ್ಕುತ್ತದೆ. ಹೊಗೆ ಬರುತ್ತದೆ, ಪಿಕಪ್ ಹೋಗುತ್ತದೆ, ಮೈಲೇಜು ಇಳಿಯುತ್ತದೆ. ಒಳ್ಳೆಯ ತೊಳೆಯುವ ದ್ರವ ಆ ಮಸಿಯನ್ನು ಬಿಡಿಸಿದರೆ ಕಳೆದುಹೋದ ಮೈಲೇಜು ಒಂದಿಷ್ಟು ಹಿಂದಕ್ಕೆ ಬರುವುದುಂಟು. ಬರುವುದು ಕಳೆದುಹೋದದ್ದು ಮಾತ್ರ, ಹೊಸದೇನೂ ಹುಟ್ಟುವುದಿಲ್ಲ. ನಾಜಲ್ ಚೊಕ್ಕಟವಾಗಿರುವ ಗಾಡಿಗೆ ಅದನ್ನು ಸುರಿಯುವುದು ತೊಳೆದಿಟ್ಟ ಪಾತ್ರೆಯನ್ನು ಮತ್ತೆ ಬಚ್ಚಲಿಗೆ ಹಾಕಿದಂತೆ.

ಸೀಟೇನ್ ಸಂಖ್ಯೆ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದರ ಅಳತೆ. ನಮ್ಮ ದೇಶದ ಡೀಸೆಲಿನಲ್ಲಿ ಅದು ಕನಿಷ್ಠ 51 ಇರಲೇಬೇಕು. ಇನ್ನೂ ನಾಲ್ಕು ಅಂಕ ಏರಿಸಿದರೆ ಚಳಿಯ ಬೆಳಗ್ಗೆ ಎಂಜಿನ್ ಮೊದಲ ಕೀಲಿಗೇ ಎದ್ದೀತು, ಕಟಕಟ ಸದ್ದು ತುಸು ತಗ್ಗೀತು. ಡೀಸೆಲಿನೊಳಗಿನ ಶಕ್ತಿ ಮಾತ್ರ ಅಷ್ಟೇ, ಲೀಟರಿಗೆ ಸುಮಾರು 36 ಮೆಗಾಜೌಲ್. ನೂರು ಮಿಲಿಲೀಟರಿನ ಬಾಟಲಿ ಅರವತ್ತು ಲೀಟರಿನ ಟ್ಯಾಂಕಿನಲ್ಲಿ ಆರುನೂರರಲ್ಲಿ ಒಂದು ಪಾಲು. ಆ ಒಂದು ಪಾಲು ಉಳಿದ ಐನೂರ ತೊಂಬತ್ತೊಂಬತ್ತಕ್ಕೂ ಬುದ್ಧಿ ಹೇಳಿ ಹೆಚ್ಚು ದುಡಿಸಬೇಕು. ಭಾವ ಇಷ್ಟನ್ನೂ ಕೇಳಿಸಿಕೊಂಡು, “ನಮ್ಮ ಆಫೀಸಿನಲ್ಲೂ ಒಬ್ಬನೇ ಕೆಲಸ ಮಾಡುತ್ತಿದ್ದದ್ದು” ಎಂದರು.

ಜಾರುಗುಣದ ಮಾತಿಗೆ ಒಂದು ಹಿನ್ನೆಲೆ ಇದೆ. 2020ರ ಏಪ್ರಿಲ್ 1ರಿಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದ ಡೀಸೆಲ್ ದೇಶವಿಡೀ ಬಂದಾಗ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಗಂಧಕ ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲಿನ ಸಹಜ ಜಾರುಗುಣವೂ ಹೋಗುತ್ತದೆ, ನಿಜ. ಆದರೆ ಅದನ್ನು ಸರಿದೂಗಿಸುವ ಸಾಮಗ್ರಿಯನ್ನು ಬಂಕಿಗೆ ಬರುವ ಮೊದಲೇ ಬೆರೆಸಿರುತ್ತಾರೆ. ಭಾವ ಬಾಟಲಿಯಲ್ಲಿ ಕೊಂಡು ತಂದದ್ದು ಟ್ಯಾಂಕಿನಲ್ಲಿ ಆಗಲೇ ಇತ್ತು.

ವಿಷಯ ಬೀದಿಗೆ ಗೊತ್ತಾದ ಮೇಲೆ ಸಲಹೆಗಳಿಗೆ ಬರವಿರಲಿಲ್ಲ. ಎದುರು ಮನೆಯ ಹಿರಿಯರು, “ಬಾಟಲಿ ಯಾಕೆ ದಂಡ, ನಾಲ್ಕು ನುಸಿಗುಳಿಗೆ ಹಾಕಿ” ಎಂದರು. ಅವರು ತಮ್ಮ ಸ್ಕೂಟರಿಗೆ ಹಾಕುತ್ತಿದ್ದರಂತೆ. ಹಿಂದೆ ಸೀಟೇನ್ ಅಳತೆಗೆ ಎರಡು ತುದಿ ಗೊತ್ತು ಮಾಡುವಾಗ, ಥಟ್ಟನೆ ಹೊತ್ತಿಕೊಳ್ಳುವ ಸೀಟೇನ್ ಎಂಬ ದ್ರವಕ್ಕೆ 100 ಕೊಟ್ಟು, ಹೊತ್ತಿಕೊಳ್ಳಲು ಹಟ ಮಾಡುವ ಮೀಥೈಲ್ ನ್ಯಾಫ್ತಲೀನಿಗೆ ಸೊನ್ನೆ ಕೊಟ್ಟಿದ್ದರು. ನ್ಯಾಫ್ತಲೀನಿನಿಂದ ಮಾಡುವ ನುಸಿಗುಳಿಗೆ ಆ ಸೊನ್ನೆಯ ಖಾಸಾ ದಾಯಾದಿ. ಲಾರಿ ಓಡಿಸುತ್ತಿದ್ದ ಇನ್ನೊಬ್ಬರು ಟೂ-ಸ್ಟ್ರೋಕ್ ಎಣ್ಣೆ ಎಂದರು. ಕಾಲೇಜು ಓದುವ ಸೋದರಳಿಯನಂತೂ ಎಲ್ಲೋ ನೋಡಿಕೊಂಡು ಬಂದು, ಹೊಸ ಡೀಸೆಲ್ ಗಾಡಿಗಳಿಗೆಲ್ಲ ಯೂರಿಯಾ ದ್ರವ ಹಾಕುತ್ತಾರೆಂದು ಒಂದು ಕ್ಯಾನ್ ತಂದೇಬಿಟ್ಟ. ಅದರಲ್ಲಿ ಇರುವುದು ಶೇಕಡ 32.5ರಷ್ಟು ಯೂರಿಯಾ, ಉಳಿದದ್ದು ನೀರು. ಅದಕ್ಕೆ ಬೇರೆಯೇ ಟ್ಯಾಂಕಿರುತ್ತದೆ, ಹೊಗೆಯನ್ನು ಶುದ್ಧಿ ಮಾಡುವುದಷ್ಟೇ ಅದರ ಕೆಲಸ. ಡೀಸೆಲ್ ಟ್ಯಾಂಕಿಗೆ ಬಿದ್ದರೆ ಪಂಪು, ನಾಜಲ್ ಎಲ್ಲಕ್ಕೂ ಎಳ್ಳುನೀರು ಬಿಟ್ಟಂತೆಯೇ. ಭಾವನ ಹಳೆಯ ಗಾಡಿಗೆ ಆ ಎರಡನೇ ಟ್ಯಾಂಕೇ ಇರಲಿಲ್ಲ. ಮುಚ್ಚಳ ತೆಗೆದು ಕೊಳವೆ ಇಟ್ಟಾಗಿತ್ತು. ಮಂಡ್ಯದ ಕಡೆಯ ಹಳ್ಳಿಯಿಂದ ಅಕ್ಕಿ ಮೂಟೆ ತಂದಿದ್ದ ಭಾವನ ಅಣ್ಣ ಅದೇ ಹೊತ್ತಿಗೆ ಆಟೋದಿಂದ ಇಳಿದರು. “ಏನಪ್ಪಾ, ಗದ್ದೆಗೆ ಹಾಕಲು ನಾವು ಯೂರಿಯಾಕ್ಕೆ ಸಾಲು ನಿಲ್ಲುತ್ತೇವೆ, ನೀನು ಗಾಡಿಗೆ ಸುರಿಯುತ್ತೀಯಾ?” ಎಂದು ಗದರಿ ಕೊಳವೆ ಕಿತ್ತುಕೊಂಡರು. ಎಂಜಿನ್ ಉಳಿದದ್ದು ಕೃಷಿಕರ ಹೊಟ್ಟೆಯುರಿಯಿಂದ.

ಬಾಟಲಿ ಹಾಕಿದ ಮೇಲೆ ಪರೀಕ್ಷೆಯಾಗಬೇಕಲ್ಲ. ಭಾವನ ವಿಧಾನ ಫುಲ್ ಟ್ಯಾಂಕ್: ಅಂಚಿನವರೆಗೆ ತುಂಬಿಸು, ಓಡಿಸು, ಮತ್ತೆ ಅಂಚಿನವರೆಗೆ ತುಂಬಿಸು, ಭಾಗಿಸು. ಕೇಳಲು ಗಣಿತ, ನಡೆಯುವುದು ನಾಟಕ. ಮೊದಲ ಬಾರಿ ತುಂಬಿಸಿದ ಬಂಕಿನ ಅಂಗಳ ಎಡಕ್ಕೆ ಇಳಿಜಾರು, ಎರಡನೆಯದು ಬಲಕ್ಕೆ. ಡೀಸೆಲ್ ನೊರೆಯೇಳುವ ಪದಾರ್ಥ. ನೊರೆ ಮೂತಿಗೆ ಮುಟ್ಟಿದೊಡನೆ ಪಂಪು ಟಕ್ಕೆಂದು ನಿಲ್ಲುತ್ತದೆ. ಬೇಕಾದಾಗ ಭಾವ “ಸಾಕು” ಎನ್ನುತ್ತಾರೆ, ಬೇಡವಾದಾಗ “ಇನ್ನೂ ಹಿಡಿಯುತ್ತದೆ, ಹಾಕು” ಎಂದು ಗಾಡಿಯ ಪಕ್ಕೆಯನ್ನು ತಟ್ಟುತ್ತಾರೆ. ಮೂವತ್ತು ಲೀಟರಿನಲ್ಲಿ ಎರಡು ಲೀಟರ್ ಹೀಗೆ ಆಚೀಚೆಯಾದರೆ ಶೇಕಡ ಆರೇಳರ ವ್ಯತ್ಯಾಸ ಅಲ್ಲೇ ಆಯಿತು. ಬಾಟಲಿ ಭರವಸೆ ಕೊಟ್ಟಿದ್ದದ್ದು ಶೇಕಡ ಐದು. ಫಲಿತಾಂಶ ಚೆನ್ನಾಗಿ ಬಂದರೆ ಅದು ಬಾಟಲಿಯ ಗುಣ, ಬರದಿದ್ದರೆ ಬಂಕಿನವನ ಮೋಸ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಂಡ ನೂರಕ್ಕೂ ಹೆಚ್ಚು ಸಾಧನ, ಸಾಮಗ್ರಿಗಳನ್ನು ಪರಿಶೀಲಿಸಿ, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಒಂದನ್ನೂ ಕಾಣಲಿಲ್ಲ ಎಂದು ಭಾವನಿಗೆ ಹೇಳಿದೆ. “ಅಲ್ಲಿನ ರಸ್ತೆ ಬೇರೆ” ಎಂದರು. ಹಣದ ಲೆಕ್ಕವನ್ನಾದರೂ ಒಪ್ಪುತ್ತಾರೆಂದು ಅದನ್ನೂ ಮಾಡಿದೆ. ಅರವತ್ತು ಲೀಟರಿಗೆ ಆರುನೂರು ಕಿಲೋಮೀಟರ್. ಶೇಕಡ ಮೂರು ಹೆಚ್ಚಿತೆಂದೇ ಇಟ್ಟುಕೊಂಡರೆ ಉಳಿಯುವುದು ಎರಡು ಲೀಟರಿಗಿಂತ ಕಡಿಮೆ. ಲೀಟರಿಗೆ ತೊಂಬತ್ತರಂತೆ ಸುಮಾರು ನೂರ ಅರವತ್ತು ರೂಪಾಯಿ. ಬಾಟಲಿಗೆ ನಾನೂರು. ನಾಲ್ಕು ದಶಕ ಇನ್ನೊಬ್ಬರ ಲೆಕ್ಕದಲ್ಲಿ ತಪ್ಪು ಹುಡುಕಿದ ಮನುಷ್ಯ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು, “ಇದರಲ್ಲಿ ಎಂಜಿನ್ನಿನ ಆಯುಷ್ಯ ಸೇರಿಸಿಲ್ಲ ನೀನು” ಎಂದರು.

ಕೊನೆಗೆ ನಿರ್ಣಾಯಕ ಪರೀಕ್ಷೆಯೆಂದು ಮೇಲುಕೋಟೆಗೆ ಹೊರಟೆವು. ನೆತ್ತಿಯ ಟ್ಯಾಂಕಿನಲ್ಲಿ ಇನ್ನೂರು ಲೀಟರ್ ನೀರು, ಅಂದರೆ ಇನ್ನೂರು ಕಿಲೋ. ಅಕ್ಕ, ಭಾವ, ಭಾವನ ಅಣ್ಣ, ನಾನು, ಮಕ್ಕಳು, ಇಡ್ಲಿ ಪಾತ್ರೆ, ರುಬ್ಬಿದ ಹಿಟ್ಟು, ಹಿತ್ತಾಳೆಯ ಹಂಡೆಯೊಂದು. ಹಂಡೆ ಏಕೆಂದು ಯಾರೂ ಕೇಳಲಿಲ್ಲ. ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ದಾರಿ ಹಿಡಿದರೆ ಕಬ್ಬು ಅರೆಯುವ ಕಾಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್, ಅದರ ಮುಂದೆ ಎತ್ತಿನ ಗಾಡಿ, ಅದರ ಮುಂದೆ ಮತ್ತೊಂದು ಟ್ರ್ಯಾಕ್ಟರ್. ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಎರಡನೇ ಗೇರಿನಲ್ಲಿ ಹೋದೆವು. ತೊಣ್ಣೂರು ಕೆರೆಯ ಬಳಿ ಗಾಡಿ ನಿಲ್ಲಿಸಿದರೂ ಎಂಜಿನ್ ನಿಲ್ಲಿಸಲಿಲ್ಲ. ಒಳಗೆ ಏಸಿ ಬೇಕು, ಚಟ್ನಿಗೆ ಮಿಕ್ಸಿ ತಿರುಗಬೇಕು. ಒಂದಡಿಯೂ ಮುಂದೆ ಹೋಗದೆ ಗಂಟೆಗಟ್ಟಲೆ ಡೀಸೆಲ್ ಉರಿಯಿತು. ಚಟ್ನಿಗೆ ಎಷ್ಟು ಡೀಸೆಲ್ ಎಂಬ ಕಾಲಮ್ಮು ಭಾವನ ಪುಸ್ತಕದಲ್ಲಿ ಇರಲಿಲ್ಲ.

ಊಟಕ್ಕೆಂದು ಅಕ್ಕ ಮಂಚದ ಕೆಳಗಿನ ಗೂಡು ತೆರೆದಾಗ ಸೀಮೆಎಣ್ಣೆಯ ಘಾಟು ಮೂಗಿಗೆ ಬಡಿಯಿತು. ಪೆಟ್ಟಿಗೆಯಲ್ಲಿದ್ದ ಬಾಟಲಿಯೊಂದರ ಮುಚ್ಚಳ ಸಡಿಲವಾಗಿ, ಜಮಖಾನವೂ ಪುಳಿಯೋಗರೆ ಗೊಜ್ಜಿನ ಡಬ್ಬಿಯೂ ಮಿಂದಿದ್ದವು. ಅಕ್ಕ ಡಬ್ಬಿಯನ್ನು ಭಾವನ ಮುಂದೆ ಇಟ್ಟು, “ನೀವೇ ತಿನ್ನಿ, ಮಂಡಿ ನೋವಿಗೂ ಜಾರುಗುಣ ಬೇಕಲ್ಲ” ಎಂದಳು.

ಅಲ್ಲಿಂದ ಹೊರಟ ಸ್ವಲ್ಪ ಹೊತ್ತಿಗೆ ಗಾಡಿ ಮುಗ್ಗರಿಸಿ ನಿಂತಿತು. ಟ್ರ್ಯಾಕ್ಟರ್ ರಿಪೇರಿಯ ಹುಡುಗನೊಬ್ಬ ಬೈಕಿನಲ್ಲಿ ಬಂದ. ಹೆಚ್ಚು ಮಾತಾಡಲಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಡೀಸೆಲ್ ಫಿಲ್ಟರಿನ ಬುಡಕ್ಕೆ ಹಿಡಿದು, ಅಲ್ಲಿದ್ದ ತಿರುಪನ್ನು ಸಡಿಲಿಸಿದ. ಇಳಿದದ್ದನ್ನು ಬಿಸಿಲಿಗೆ ಎತ್ತಿ ಹಿಡಿದ. ಮೇಲೆ ತಿಳಿ ಹಳದಿ ಡೀಸೆಲ್, ಕೆಳಗೆ ಎರಡು ಬೆರಳು ನೀರು, ನಡುವೆ ಕಂದು ಬಣ್ಣದ ಲೋಳೆಯ ಒಂದು ಪದರ. ಆ ಲೋಳೆ ನೀರೂ ಡೀಸೆಲೂ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದು. ಓಡುವ ಲಾರಿಗಿಂತ ನಿಂತೇ ಇರುವ ಮನೆಗಾಡಿಗಳಿಗೆ ಇದರ ಕಾಟ ಹೆಚ್ಚು: ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವ ತಂಪಿಗೆ ಹನಿಗಟ್ಟಿ ತಳ ಸೇರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಮುನ್ನ ಟ್ಯಾಂಕು ತುಂಬಿಸಿಡುವುದು, ತೀರಾ ಬೇಕಾದರೆ ಈ ಜೀವಿಗಳನ್ನು ಕೊಲ್ಲುವ ಔಷಧಿ ಹಾಕುವುದು, ಇವಕ್ಕೆ ಅರ್ಥವಿದೆ. ಮೋಟರ್‌ಹೋಮ್ ಇಟ್ಟುಕೊಂಡವರು ಬಾಟಲಿ ಕೊಳ್ಳಲೇಬೇಕೆಂದರೆ ನಾನು ಒಪ್ಪುವುದು ಅದೊಂದನ್ನೇ. ಡೀಸೆಲ್ ಮೇಣಗಟ್ಟದಂತೆ ತಡೆಯುವ ದ್ರವ ಹಿಮ ಬೀಳುವ ದೇಶದವರಿಗೆ ಇರಲಿ. ಮೈಸೂರಿನ ಮಾಗಿ ಚಳಿಗೆ ಗಟ್ಟಿಯಾಗುವುದು ಕೊಬ್ಬರಿ ಎಣ್ಣೆ ಮಾತ್ರ.

“ಈ ಬಾಟಲಿ ನೀರು ತೆಗೆಯುತ್ತದೆ ಎಂದು ಬರೆದಿದ್ದಾರಲ್ಲಪ್ಪಾ” ಎಂದರು ಭಾವ.

“ತಿರುಪು ಬಿಚ್ಚಿದರೂ ತೆಗೆಯುತ್ತದೆ ಸಾರ್” ಎಂದ ಹುಡುಗ. ಕೈಪಂಪು ಒತ್ತಿ ಗಾಳಿ ಹೊರಡಿಸಿ ಗಾಡಿ ಎಬ್ಬಿಸಿದ. ಹೋಗುವ ಮುನ್ನ ಟೈರುಗಳನ್ನು ಒದ್ದು ನೋಡಿ, “ಗಾಳಿ ಕಡಿಮೆ ಇದೆ, ಮೈಲೇಜು ಎಲ್ಲಿಂದ ಬರಬೇಕು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೈಕು ಹತ್ತಿದ.

ಮೇಲುಕೋಟೆಯಲ್ಲಿ ಪುಳಿಯೋಗರೆ ಕೊಂಡು ತಿಂದೆವು. ಊರಿಗೆ ಮರಳಿದ ಮೇಲೆ ಹೊಸ ಫಿಲ್ಟರ್ ಬಿತ್ತು, ಟೈರಿಗೆ ಗಾಳಿ ಬಿತ್ತು, ಹಂಡೆ ಅಟ್ಟ ಸೇರಿತು, ನೆತ್ತಿಯ ಟ್ಯಾಂಕು ಖಾಲಿಯಾಯಿತು. ಮುಂದಿನ ಪ್ರಯಾಣದಲ್ಲಿ ಗಾಡಿ ಲೀಟರಿಗೆ ಹತ್ತನ್ನೂ ದಾಟಿತು. ಭಾವ ತಮ್ಮ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದನ್ನು ನಾನು ಕಣ್ಣಾರೆ ಕಂಡೆ: ‘ಬಾಟಲಿ, ನಿಧಾನವಾಗಿ ಗುಣ ಕೊಡುತ್ತಿದೆ’.

ಉಳಿದ ಬಾಟಲಿಗಳಲ್ಲಿ ಒಂದನ್ನು ಅಕ್ಕ ಅಡುಗೆಮನೆಗೆ ಬೇಡವೆಂದು ಅಂಗಳಕ್ಕೆ ಒಯ್ದು, ಹಳೆಯ ಬಟ್ಟೆಯ ಬತ್ತಿ ಮಾಡಿ ಗೇಟಿನ ತಿರುಗಣಿಗೆ ಸವರಿದಳು. ಬೆಳಗ್ಗೆ ಹಾಲಿನವನು ಬಂದರೆ ಇಡೀ ಬೀದಿಯನ್ನು ಎಬ್ಬಿಸುತ್ತಿದ್ದ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಭಾವ ಅದನ್ನು ನಾಲ್ಕು ಬಾರಿ ತೆಗೆದು ಹಾಕಿ ನೋಡಿದರು. “ಕಬ್ಬಿಣದ ಗೇಟಿಗೇ ಇಷ್ಟು ಗುಣ ಕೊಟ್ಟ ಮೇಲೆ ಎಂಜಿನ್ನಿಗೆ ಕೊಡುವುದಿಲ್ಲವೇ?” ಎಂದು ನನ್ನನ್ನು ಕೇಳಿ, ಅಲ್ಲಿಯೇ ನಿಂತು ಬಂಕಿನ ಹುಡುಗನಿಗೆ ಫೋನು ಮಾಡಿದರು.

ಅಕ್ಕ ಒಳಗಿನಿಂದ ಕೂಗಿದಳು: “ಇನ್ನೊಂದು ಪೆಟ್ಟಿಗೆಯೇ ತರಿಸಿ, ಹಿತ್ತಿಲ ಬಾಗಿಲೂ ಕಿರ್ ಎನ್ನುತ್ತಿದೆ.”