ಉಂಡ ತಟ್ಟೆ ತೊಳೆದ ನೀರು

ಬೆಂಗಳೂರಿನ ಕೆಲವು ಹೋಟೆಲುಗಳಿಗೆ ಈಚೆಗೆ ಹೊಸದೊಂದು ಗೀಳು ಹತ್ತಿದೆ. ಮೆನು ಕಾರ್ಡಿನಲ್ಲಿ ತಿನಿಸಿನ ಹೆಸರು ಮತ್ತು ಬೆಲೆ ಇದ್ದರೆ ಸಾಲದು; ಅದರಲ್ಲಿ ಬಿದ್ದಿರುವ ತರಕಾರಿ ಯಾವ ಊರಿನದು, ಯಾವ ಹೊಲದ್ದು ಎಂಬ ಜಾತಕವೂ ಇರಬೇಕು. 'ಹೊಲದಿಂದ ನೇರ ನಿಮ್ಮ ತಟ್ಟೆಗೆ' ಎಂಬ ಘೋಷಣೆಯ ಕೆಳಗೆ ಕೋಲಾರದ ಟೊಮೆಟೊ, ಚಿಂತಾಮಣಿಯ ಅವರೆ, ಮಾಲೂರಿನ ಸೊಪ್ಪು ಎಂದು ಅಚ್ಚಾಗಿರುವುದನ್ನು ಕಂಡೂ ಈ ಸೀಮೆಯವರ ಎದೆ ಉಬ್ಬದಿದ್ದರೆ ಅದು ಕೃತಘ್ನತೆಯೇ ಸರಿ. ಅಗಲವಾದ ಬಿಳಿಯ ತಟ್ಟೆಯ ನಡುವೆ ನಾಲ್ಕು ಹೋಳು ಟೊಮೆಟೊ, ಅದರ ಮೇಲೆ ಹೆಸರು ಗೊತ್ತಿಲ್ಲದ ಎರಡು ಎಲೆ, ಅಂಚಿನಲ್ಲಿ ಯಾರೋ ಕೈತಪ್ಪಿ ಚೆಲ್ಲಿದಂತೆ ಕಾಣುವ ಒಂದಿಷ್ಟು ಎಣ್ಣೆ. ಬೆಲೆ ಮಾತ್ರ, ದರ ಬಿದ್ದ ದಿನ ನಮ್ಮ ಮಂಡಿಯಲ್ಲಿ ಇಡೀ ಬಾಕ್ಸಿಗೂ ಸಿಗದಷ್ಟು.

ಬಾಕ್ಸ್ ಎಂದರೆ 15 ಕೆ.ಜಿ. ಏಷ್ಯಾದ ಎರಡನೆಯ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆ ಎಂದು ನಾವು ಕಂಡಕಂಡವರಿಗೆ ಹೇಳಿಕೊಂಡು ತಿರುಗುವ ಕೋಲಾರದ ಎಪಿಎಂಸಿ ಅಂಗಳದಲ್ಲಿ ಈ ಬಾಕ್ಸುಗಳು ಆಳೆತ್ತರಕ್ಕೆ ನಿಂತಿರುತ್ತವೆ. ಹರಾಜು ಕೂಗುವವನು ಬಂದು ಒಂದು ಹಣ್ಣನ್ನು ಎತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ತೊಟ್ಟಿನ ಕಡೆ ಒಮ್ಮೆ ನೋಡಿ, ರೈತನ ಮುಖವನ್ನು ಮಾತ್ರ ನೋಡದೆ ದರ ಹೇಳುತ್ತಾನೆ. ಮೂರು ತಿಂಗಳ ಬೆಳೆಯ ಹಣೆಬರಹ ಆ ಹೆಬ್ಬೆರಳಿನಲ್ಲಿದೆ. 2023ರ ಜುಲೈನಲ್ಲಿ ಬಾಕ್ಸಿನ ದರ 2,000 ರೂಪಾಯಿ ದಾಟಿದಾಗ ರಾಜಧಾನಿಯ ಟಿ.ವಿ. ಕ್ಯಾಮೆರಾಗಳೆಲ್ಲ ಇಲ್ಲಿಗೆ ಓಡಿಬಂದು, ರೈತ ಕೋಟ್ಯಧಿಪತಿಯಾದ ಕಥೆಯನ್ನು ದೇಶಕ್ಕೆ ಸಾರಿದವು. ದರ ಕುಸಿದು ಅದೇ ರೈತ ಹಣ್ಣನ್ನು ರಸ್ತೆಯ ಬದಿಗೆ ಸುರಿದು ಹೋಗುವ ದಿನಗಳಲ್ಲಿ ಆ ಕ್ಯಾಮೆರಾಗಳಿಗೆ ಬೇರೆ ಕೆಲಸವಿರುತ್ತದೆ. ಮೆನು ಕಾರ್ಡಿನ ವಿಷಯವನ್ನು ಮಂಡಿಯಲ್ಲಿ ಪರಿಚಯದ ಬೆಳೆಗಾರರೊಬ್ಬರಿಗೆ ಹೇಳಿದಾಗ ಅವರು ಬೀಡಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ನಮ್ಮೂರ್ ಹೆಸ್ರು ಹಾಕ್ಕೊಂಡವ್ರಾ ಸಾರ್? ಹೆಸ್ರಿಗೇನಾರ ಕಮಿಷನ್ನು ಕೊಡ್ತಾರಾ?"

ಇಂಥ ಲೌಕಿಕ ಪ್ರಶ್ನೆಗಳು ಬೆಂಗಳೂರಿನ ರುಚಿಶೋಧಕರನ್ನು ಬಾಧಿಸುವುದಿಲ್ಲ. ಅವರದು ಉನ್ನತ ಧ್ಯೇಯ. ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡು, ಗಾಂಧಿ ಬಜಾರಿನಲ್ಲಿ 1943ರಿಂದ ಕದಲದೆ ನಿಂತಿರುವ ವಿದ್ಯಾರ್ಥಿ ಭವನವನ್ನು ಮೊನ್ನೆ ತಾನೇ ಕಾಡಿನಲ್ಲಿ ಪತ್ತೆಹಚ್ಚಿದವರ ಧಾಟಿಯಲ್ಲಿ 'ಬನ್ನಿ ಗೆಳೆಯರೇ, ಯಾರಿಗೂ ಗೊತ್ತಿಲ್ಲದ ಒಂದು ಜಾಗ ತೋರಿಸ್ತೀನಿ' ಎಂದು ಆರಂಭಿಸುತ್ತಾರೆ. ಹಿಂದೆ ಸರತಿಯಲ್ಲಿ ನಿಂತಿರುವ ನೂರಾರು ಜನರೂ 'ಯಾರಿಗೂ' ಎಂಬುದರೊಳಗೆ ಸೇರುವವರೇ ಇರಬೇಕು. ದೋಸೆ ಬರುತ್ತದೆ, ಅದರ ಮೇಲಿಂದ, ಪಕ್ಕದಿಂದ, ಕೆಳಗಿನಿಂದ ಚಿತ್ರೀಕರಣ ನಡೆಯುತ್ತದೆ, ಬೆಣ್ಣೆ ಕರಗುವುದನ್ನು ನಿಧಾನಗತಿಯಲ್ಲಿ ಹಿಡಿಯಲಾಗುತ್ತದೆ. ಅಷ್ಟು ಹೊತ್ತಿಗೆ ದೋಸೆ ತಣ್ಣಗಾಗಿ ಚರ್ಮದಂತಾಗಿರುತ್ತದೆ. ಆದರೂ ಮೊದಲ ತುತ್ತಿಗೇ ಕಣ್ಣು ಮುಚ್ಚಿ, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿ, 'ಗುರೂ, ಬೆಂಕಿ' ಎಂದು ತೀರ್ಪು ಕೊಡುವ ಸ್ಥೈರ್ಯವನ್ನು ಮೆಚ್ಚಲೇಬೇಕು. ಪಕ್ಕದ ಕುರ್ಚಿಯಲ್ಲಿ ಕಾಫಿಗಾಗಿ ಕಾದು ಕುಳಿತಿರುವ ಹಿರಿಯರ ಮೊಣಕೈ ಮಾತ್ರ ಆ ಚಿತ್ರದಲ್ಲಿ ಅಜರಾಮರವಾಗುತ್ತದೆ.

ಹಾಗೆಂದು ಆ ಊರಿನ ಹೋಟೆಲುಗಳ ಹಿರಿಮೆಯನ್ನು ನಾನು ಅಲ್ಲಗಳೆಯುತ್ತಿಲ್ಲ. 1924ರಲ್ಲಿ ಆರಂಭವಾದ ಎಂ.ಟಿ.ಆರ್., ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆಯಲ್ಲೇ ಇಡ್ಲಿ ಬೇಯಿಸಿ ನೋಡಿತೆಂದು ಹೇಳುತ್ತಾರೆ. ಅಭಾವದಿಂದ ಹುಟ್ಟಿದ ಆ ತಿಂಡಿ ಇಂದು ರಾಜಮರ್ಯಾದೆ ಪಡೆಯುತ್ತಿದೆ. ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ ಸಾಂಬಾರ್ ಕೊಡದೆ ಬರೀ ಚಟ್ನಿಯ ಬಲದಿಂದ ಇಷ್ಟು ದಶಕ ಜನರನ್ನು ಹಿಡಿದಿಟ್ಟುಕೊಂಡಿದೆ. 1983ರಲ್ಲಿ ಜಯನಗರದಲ್ಲಿ ಆರಂಭವಾದ ದರ್ಶಿನಿಗಳ ಪರಂಪರೆ, ಕೆಲಸಕ್ಕೆ ಹೊರಟವನು ಕಡಿಮೆ ದುಡ್ಡಿನಲ್ಲಿ ಬೇಗ ತಿಂದು ಹೋಗಲೆಂದೇ ಕುರ್ಚಿಗಳನ್ನು ತೆಗೆದುಹಾಕಿತು. ಈಗ ಅದೇ ಬಗೆಯ ಹೋಟೆಲುಗಳಲ್ಲಿ ನಿಂತುಕೊಂಡು ತಿನ್ನುವ ಭಾಗ್ಯಕ್ಕಾಗಿ ಮುಕ್ಕಾಲು ಗಂಟೆ ನಿಂತು ಕಾಯುವ ವ್ಯವಸ್ಥೆಯಾಗಿದೆ. ಪ್ರಗತಿ ಎಂದರೆ ಇದೇ. ನಮ್ಮ ಜಿಲ್ಲೆಗಳಲ್ಲಿಯೂ ಅಭಾವಕ್ಕೆ ಕೊರತೆಯಿಲ್ಲ. ಅದರಿಂದ ತಿಂಡಿ ಮಾಡುವ ವಿದ್ಯೆ ಮಾತ್ರ ನಮಗೆ ಒಲಿಯಲಿಲ್ಲ.

ಅವರೆಕಾಯಿಯ ಮಾತಿಗೆ ಬರೋಣ. ಚಳಿ ಬಿದ್ದು ಸೊಗಡು ಕೂಡಿದ ಮೇಲೆ ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಅವರೆಯ ಮೂಟೆಗಳು ಬೆಂಗಳೂರಿನತ್ತ ಹೊರಡುತ್ತವೆ. ನಮ್ಮ ಮನೆಗಳಲ್ಲಿ ಹಿತಕಬೇಳೆ ಸಾರು ಎಂದರೆ ಅದಕ್ಕೊಂದು ಸಿದ್ಧತೆ ಇದೆ. ರಾತ್ರಿ ಕಾಳನ್ನು ನೆನೆಹಾಕಿ, ಬೆಳಿಗ್ಗೆ ಅಗಲವಾದ ತಟ್ಟೆಯ ಸುತ್ತ ಹೆಂಗಸರು ಕುಳಿತು, ಒಂದೊಂದೇ ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಚುಕಿದರೆ ಬೇಳೆ ಟಪ್ಪನೆ ಜಾರಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಿಗೆ ಅಂಟಿಕೊಳ್ಳುತ್ತದೆ. ಸೇರು ಬೇಳೆಯಾಗುವಷ್ಟರಲ್ಲಿ ಬೆರಳ ತುದಿಗಳು ನೆನೆದು ಸುಕ್ಕಾಗಿರುತ್ತವೆ, ಬೀದಿಯ ಸಮಾಚಾರವೆಲ್ಲ ಮುಗಿದಿರುತ್ತದೆ. ಸಾರು ಕುದಿಯುವಾಗ ಮೂರು ಮನೆಯಾಚೆಯವರೂ 'ಏನಕ್ಕಾ, ಇವತ್ತು ನಿಮ್ಮನೇಲಿ ಹಿತಕಬೇಳೆನಾ' ಎಂದು ಕೇಳುತ್ತಾರೆ. ಮುದ್ದೆಯ ಜೊತೆ ಅದನ್ನು ಉಂಡವನಿಗೆ ಆ ದಿನ ಬೇರೆ ಯಾವ ಬಯಕೆಯೂ ಇರುವುದಿಲ್ಲ.

ಬೆಂಗಳೂರಿಗೆ ಇಷ್ಟು ಸಾಲದು. ಅಲ್ಲಿ ಅವರೆಗೆಂದೇ ಮೇಳ ನಡೆಯುತ್ತದೆ. ಮೊದಲು ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದದ್ದು ಜನ ಹಿಡಿಸದೆ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋಯಿತು. ಅಲ್ಲಿ ಅವರೆಬೇಳೆ ದೋಸೆ ಸಿಗುತ್ತದೆ, ಒಪ್ಪೋಣ. ಅವರೆಬೇಳೆ ಉಪ್ಪಿಟ್ಟು, ಅದನ್ನೂ ಒಪ್ಪೋಣ. ಅಲ್ಲಿಂದ ಮುಂದೆ ಜಿಲೇಬಿ, ಜಾಮೂನು, ಐಸ್‌ಕ್ರೀಂ ಎಂದು ಅವರೆಯ ಅವತಾರಗಳು ಬೆಳೆಯುತ್ತ ಹೋಗುತ್ತವೆ. ಆಷಾಢದಲ್ಲಿ ಬಿತ್ತಿ, ಮಳೆಗಾಗಿ ಆಕಾಶ ನೋಡಿ, ಕಾಯಿಕೊರಕವನ್ನು ಕಾದು, ಇಬ್ಬನಿಯಲ್ಲಿ ಕೈ ಮರಗಟ್ಟಿಸಿಕೊಂಡು ಕಾಯಿ ಬಿಡಿಸಿದ ಹೆಂಗಸು, ತನ್ನ ಬೆಳೆ ಕೊನೆಗೆ ಐಸ್‌ಕ್ರೀಂ ಆಗಿ ಪಾವನವಾಯಿತೆಂದು ತಿಳಿದರೆ ಏನೆಂದಾಳೆಂಬುದನ್ನು ಊಹಿಸಬಲ್ಲೆ, ಅಚ್ಚು ಹಾಕಿಸಲಾರೆ.

ಇಷ್ಟೆಲ್ಲ ತಿಂದಾದ ಮೇಲೆ ಕೈ ತೊಳೆಯಬೇಕಲ್ಲ. ಯಾವ ಮೆನು ಕಾರ್ಡಿನಲ್ಲೂ ಅಚ್ಚಾಗದ, ಯಾವ ರುಚಿಶೋಧಕನೂ ಚಿತ್ರೀಕರಿಸದ ಅಧ್ಯಾಯ ಆರಂಭವಾಗುವುದು ಆ ಕೈತೊಳೆಯುವ ನಲ್ಲಿಯ ಕೆಳಗೆ. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತಂದು ಬೆಂಗಳೂರಿಗೆ ಕುಡಿಸುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರಿಗೆ ದಾರಿಯಾಯಿತು. ಆ ನೀರು ಫಿಲ್ಟರ್ ಕಾಫಿಯಾಗಿ, ಸಾಂಬಾರಾಗಿ, ಪಾತ್ರೆ ತೊಳೆದು, ಮೈ ತೊಳೆದು, ಇಲ್ಲಿ ಬರೆಯಲಾಗದ ಇನ್ನೂ ಕೆಲವು ಸೇವೆಗಳನ್ನು ಸಲ್ಲಿಸಿ, ಕೋರಮಂಗಲ-ಚಲ್ಲಘಟ್ಟ ಕಣಿವೆಗೆ ಇಳಿಯುತ್ತದೆ. ನೊರೆಯುಕ್ಕಿಸಿ, ಬೆಂಕಿಯನ್ನೂ ಹೊತ್ತಿಸಿಕೊಂಡು ಜಗತ್ಪ್ರಸಿದ್ಧವಾದ ಬೆಳ್ಳಂದೂರು ಕೆರೆ ಇರುವುದು ಅದೇ ಕಣಿವೆಯಲ್ಲಿ. ಅಲ್ಲಿ ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡ ನೀರು ಪೈಪು ಹತ್ತಿ, 2018ರ ಜೂನ್‌ನಲ್ಲಿ ಮೊದಲ ಬಾರಿಗೆ ಕೋಲಾರದ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಿತ್ತು. ಬತ್ತಿದ ಕೆರೆಗಳನ್ನು ಹೀಗೆ ತುಂಬಿಸುವ ಈ ಕೆ.ಸಿ. ವ್ಯಾಲಿ ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಚಿಕ್ಕಬಳ್ಳಾಪುರದವರಿಗೆ ಅನ್ಯಾಯವಾಗಬಾರದೆಂದು ಹೆಬ್ಬಾಳ-ನಾಗವಾರ ಕಣಿವೆಯಿಂದ 21 ಕೋಟಿ ಲೀಟರಿನ ಪ್ರತ್ಯೇಕ ಏರ್ಪಾಡು ಬೇರೆ. ನದಿಯೊಂದು ಹರಿಯಲಿ ಎಂದು ತಲೆಮಾರುಗಳಿಂದ ಬೇಡಿಕೊಂಡ ಈ ಬಯಲುಸೀಮೆಗೆ ಕೊನೆಗೂ ಕಾವೇರಿ ಬಂದಳು, ಬೆಂಗಳೂರಿನವರ ಹೊಟ್ಟೆಯನ್ನು ಹಾದು.

ಬಂದ ಮರುತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೆ ಹೋಯಿತು, ತಡೆ ಬಂತು, ತಡೆ ತೆರವಾಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಅದೆಲ್ಲ ನಿಮಗೆ ಗೊತ್ತಿರುವುದೇ. ಸಾವಿರದೈನೂರು ಅಡಿ ಕೊರೆದರೂ ಧೂಳು ಬರುತ್ತಿದ್ದ ಕಡೆ ಕೊಳವೆ ಬಾವಿಗಳಲ್ಲಿ ಮತ್ತೆ ನೀರು ಕಂಡಿದ್ದೂ ನಿಜ. ಬತ್ತಿದ ಕೆರೆ ತುಂಬಿದ್ದನ್ನು ನೋಡಿ ಕಣ್ಣೀರು ಹಾಕಿದ ರೈತರನ್ನು ನಾನು ಗೇಲಿ ಮಾಡಲಾರೆ. ಕೆರೆಯಿಂದ ನೇರವಾಗಿ ನೀರೆತ್ತಬಾರದು, ಕುಡಿಯಬಾರದು, ಅದು ಅಂತರ್ಜಲಕ್ಕೆ ಇಂಗಲಿ ಎಂಬುದು ಸರ್ಕಾರದ ಆದೇಶ. ಇಂಗಿದ ನೀರು ಆದೇಶವನ್ನು ಓದಿಕೊಂಡು ಬೇಸಾಯಕ್ಕೆ ಒಂದು ದಾರಿ, ಕುಡಿಯುವುದಕ್ಕೆ ಇನ್ನೊಂದು ದಾರಿ ಎಂದು ಭೂಮಿಯೊಳಗೆ ಬೇರ್ಪಡುತ್ತದೆಯೆಂದು ನಂಬಿಕೊಂಡು ನಾವು ಬದುಕಿದ್ದೇವೆ. ಕೊಳವೆ ಬಾವಿಯಿಂದ ಮೇಲೆ ಬಂದ ಆ ನೀರು ಹನಿ ಪೈಪಿನಲ್ಲಿ ಟೊಮೆಟೊ ಗಿಡದ ಬುಡಕ್ಕೆ ಬೀಳುತ್ತದೆ. ಟೊಮೆಟೊ ಬಾಕ್ಸು ಸೇರುತ್ತದೆ. ಬಾಕ್ಸು ಬೆಂಗಳೂರಿಗೆ ಹೋಗುತ್ತದೆ. ಬಿಳಿಯ ತಟ್ಟೆಯ ಮೇಲೆ ನಾಲ್ಕು ಹೋಳಾಗುತ್ತದೆ. 'ಹೊಲದಿಂದ ನೇರ ನಿಮ್ಮ ತಟ್ಟೆಗೆ' ಎಂಬುದು ಅರ್ಧ ಸತ್ಯ. ಅದಕ್ಕೂ ಮೊದಲು ತಟ್ಟೆಯಿಂದ ನೇರ ಹೊಲಕ್ಕೆ ಬಂದದ್ದನ್ನೂ ಅದೇ ಕಾರ್ಡಿನಲ್ಲಿ ಅಚ್ಚು ಹಾಕಿಸುವುದು ಪ್ರಾಮಾಣಿಕತೆಯಾದೀತು.

ಶುದ್ಧವಾದ ನೀರು ಬೇಕೆಂದು ಹಟ ಹಿಡಿಯುವವರಿಗೆ, ಪಶ್ಚಿಮಘಟ್ಟದ ಹೊಳೆಗಳ ನೀರನ್ನು ಈ ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆ ಇದೆ. 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆಯಾಯಿತು, 2024ರಲ್ಲಿ ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. ಅಂದಾಜು ವೆಚ್ಚ 8,323 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿದ್ದನ್ನು ನೋಡಿದರೆ, ದರ ಏರಿಸುವುದರಲ್ಲಿ ಬೆಂಗಳೂರಿನ ಹೋಟೆಲುಗಳು ಇನ್ನೂ ಕಲಿಯಬೇಕಾದದ್ದು ಬಹಳಷ್ಟಿದೆ.

ಸರ್ಕಾರಕ್ಕೆ ನಮ್ಮ ಆಹಾರದ ಬಗ್ಗೆ ಕಾಳಜಿ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷಿಸಿ, 107ರಲ್ಲಿ ಅಪಾಯಕಾರಿ ಬಣ್ಣ ಕಂಡು, ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದರು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಅದರ ಬೆನ್ನಿಗೇ ಪಾನಿಪುರಿ. 2025ರ ಫೆಬ್ರುವರಿಯಲ್ಲಿ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದಾರೆಂದು 251 ಕಡೆ ತಪಾಸಣೆ ನಡೆಸಿ, 52 ಕಡೆ ಹಾಳೆ ಹಿಡಿದರು. ತಪ್ಪೇನೂ ಇಲ್ಲ; ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬೇಯಿಸಿ ತಿನ್ನಿಸುವವನನ್ನು ಹಿಡಿಯಲೇಬೇಕು. ಒಂದೊಂದು ತಿಂಡಿಗೆ ಒಂದೊಂದು ಆದೇಶದಂತೆ ಹೀಗೇ ಮುಂದುವರಿದರೆ ಬಜ್ಜಿ, ಬೋಂಡಾ, ಮಸಾಲೆಪುರಿಗಳ ಪಾಳಿಯೂ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಬಂದೀತು. ನನ್ನ ಸಂಶಯ ಇಷ್ಟೇ: ಹೂಕೋಸು ಬಾಣಲೆಗೆ ಬಿದ್ದ ಮೇಲೆ ಅದರ ಬಣ್ಣವನ್ನು ಪ್ರಯೋಗಾಲಯಕ್ಕೆ ಒಯ್ಯುವವರಿಗೆ, ಅದೇ ಹೂಕೋಸು ಹೊಲದಲ್ಲಿ ಕುಡಿದು ಬೆಳೆದ ನೀರಿನ ಮೇಲೆ ಅಷ್ಟೇ ಆಸ್ಥೆಯಿಂದ ಪತ್ರಿಕಾಗೋಷ್ಠಿ ಕರೆಯಬೇಕೆಂದು ಏಕೆ ಅನಿಸುವುದಿಲ್ಲ? ತಳ್ಳುಗಾಡಿಯವನಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ, 10 ಲಕ್ಷದವರೆಗಿನ ದಂಡದ ಭಯ ಹುಟ್ಟಿಸುವ ಕಾಯ್ದೆಯ ಯಾವ ಕಲಮಿನಲ್ಲಿ ಕೆರೆಗೆ ನೀರು ಬಿಡುವವರು ಬರುತ್ತಾರೆ?

ಇಲ್ಲಿ ನಗಿಸಲು ನನ್ನಲ್ಲಿ ಏನೂ ಉಳಿದಿಲ್ಲ. ಮೂರನೇ ಹಂತದ ಶುದ್ಧೀಕರಣ ಮಾಡಿ ಎಂದು ಈ ಎರಡು ಜಿಲ್ಲೆಗಳ ಜನ ಬೀದಿಯಲ್ಲಿ ಕುಳಿತು ಕೇಳಿದ್ದಾರೆ, ನ್ಯಾಯಾಲಯದಲ್ಲಿ ನಿಂತು ಕೇಳಿದ್ದಾರೆ, ಪ್ರತಿ ಚುನಾವಣೆಯಲ್ಲೂ ಕೇಳಿದ್ದಾರೆ. ಕೇಳಿದ್ದು ಚಂದ್ರನನ್ನಲ್ಲ, ಇನ್ನೊಂದು ಸಲ ಸೋಸಿದ ನೀರನ್ನು. ಹಾಲು, ತರಕಾರಿ, ಮಾವು, ಹೂವು, ಕೊನೆಗೆ ನಮ್ಮ ಮಕ್ಕಳನ್ನೂ ಬೆಳಗಿನ ರೈಲಿನಲ್ಲಿ ತುಂಬಿಸಿ ಕಳಿಸಿಕೊಡುವ ಊರಿಗೆ ವಾಪಸು ಬರುವ ನೀರಿನ ಗುಣಮಟ್ಟ ಇಷ್ಟೇ ಸಾಕು ಎಂದು ತೀರ್ಮಾನಿಸಿದವರು, ಒಂದು ಲೋಟದಲ್ಲಿ ಅದನ್ನು ಹಿಡಿದು ತಮ್ಮ ಮನೆಯ ಊಟದ ಮೇಜಿನ ಮೇಲಿಟ್ಟುಕೊಳ್ಳುತ್ತಾರೆಯೇ? ಇಟ್ಟುಕೊಳ್ಳುವುದಿಲ್ಲ. ಅದು ಅವರಿಗೂ ಗೊತ್ತು, ನಮಗೂ ಗೊತ್ತು.

ರುಚಿಶೋಧಕರಿಗೆ ನನ್ನದೊಂದು ಸಲಹೆ ಇದೆ. ಹೊಸಕೋಟೆಯ ದಮ್ ಬಿರಿಯಾನಿಗಾಗಿ ಬೆಳಗಿನ ಜಾವದಲ್ಲೇ ಎದ್ದು, ಹಲ್ಲುಜ್ಜಿದರೋ ಇಲ್ಲವೋ ಎಂಬಂತೆ ಓಡಿಬಂದು ಸಾಲು ನಿಲ್ಲುವ ಶ್ರದ್ಧಾವಂತರು ನೀವು. ಅಲ್ಲಿಂದಲೇ ಹಿಂದಿರುಗಬೇಡಿ, ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮುಂದೆ ಬಂದು ನರಸಾಪುರದ ಕಡೆ ತಿರುಗಿ. ಲಕ್ಷ್ಮೀಸಾಗರ ಕೆರೆಯ ಏರಿಯ ಮೇಲೆ ನಿಂತರೆ ನಿಮ್ಮೂರಿನ ಎಲ್ಲ ಪ್ರಸಿದ್ಧ ಹೋಟೆಲುಗಳ ಸಾರ ಒಂದೇ ಕಡೆ ಕಾಣಸಿಗುತ್ತದೆ. ಅಷ್ಟೊಂದು ತಾಣಗಳನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಅವಕಾಶ ಬೇರೆಲ್ಲೂ ಸಿಗಲಾರದು. ಹತ್ತಿರದ ಹೊಲದಲ್ಲಿ ಟೊಮೆಟೊ ಕಿತ್ತು ಅಲ್ಲೇ ಕಚ್ಚಿ ಕಣ್ಣು ಮುಚ್ಚಬಹುದು, ರೈತರು ಬೇಡವೆನ್ನುವುದಿಲ್ಲ. ಮಧ್ಯಾಹ್ನಕ್ಕೆ ಮುದ್ದೆ, ಹಿತಕಬೇಳೆ ಸಾರು, ಎಷ್ಟು ಸಲ ಬೇಕಾದರೂ ಬಡಿಸುತ್ತೇವೆ, ದುಡ್ಡು ಬೇಡ. ಕುಡಿಯುವ ನೀರನ್ನು ಮಾತ್ರ ದಯಮಾಡಿ ನಿಮ್ಮ ಮನೆಯಿಂದಲೇ ತನ್ನಿ.