ಖಾಲಿ ಟ್ರೇಯೂ ಭಾವನವರ ಪಿನ್ನೂ

ಹೊಸ ಫೋನಿಗೆ ನಂಬರನ್ನು ವರ್ಗಾಯಿಸುವುದು ಕೂತಲ್ಲೇ ಮುಗಿಯುವ ಕೆಲಸವೆಂದು, ಕಾರ್ಡಿನ ಬದಲು ಫೋನಿನೊಳಗೇ ಅಡಗಿರುವ ಇ-ಸಿಮ್ಮಿನ ಗುಣಗಾನ ಮಾಡುವವರೆಲ್ಲ ಹೇಳುತ್ತಾರೆ. ಅವರು ಹೇಳದೆ ನುಂಗಿಕೊಳ್ಳುವ ಮಾತೆಂದರೆ, ಅದಕ್ಕೆ ಹಳೆಯ ಫೋನು ನೆಟ್ಟಗಿರಬೇಕು. ನನ್ನ ಫೋನಿನ ಪರದೆ ಮೊನ್ನೆ ಯಾವ ಮುನ್ಸೂಚನೆಯನ್ನೂ ಕೊಡದೆ ಕಪ್ಪಾಯಿತು. ಒಳಗೆ ಜೀವವಿದೆ, ಕರೆ ಬಂದರೆ ರಿಂಗಾಗುತ್ತದೆ, ಸಂದೇಶ ಬಂದರೆ ಗುಂಯ್‌ಗುಡುತ್ತದೆ. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳಿಗೆ ಏನೂ ಬಗ್ಗುವುದಿಲ್ಲ. ಹೊಸ ಫೋನು ತಂದರೆ ಅದು ‘ಹಳೆಯ ಫೋನಿನಲ್ಲಿ ಒಪ್ಪಿಗೆ ಸೂಚಿಸಿ’ ಎಂದು ವಿನಯದಿಂದ ಕೇಳಿತು. ಅದನ್ನು ಬಿಟ್ಟು ಕಂಪನಿಯ ಆ್ಯಪಿಗೆ ಹೋದರೆ, ಒಳಗೆ ಬಿಡುವುದಕ್ಕೆ ಒಟಿಪಿ ಬೇಕು. ಒಟಿಪಿ ಬರುವುದು ಅದೇ ನಂಬರಿಗೆ. ನಂಬರು ಇರುವುದು ಕಪ್ಪು ಪರದೆಯ ಹಿಂದೆ. ನಾನು ಕೇಳಿದಾಗಲೆಲ್ಲ ಹಳೆಯ ಫೋನು ಮೇಜಿನ ಮೇಲೆ ಗುಂಯ್ ಎಂದು, ಒಟಿಪಿ ಕ್ಷೇಮವಾಗಿ ತಲುಪಿದ್ದನ್ನು ನನಗೆ ತಿಳಿಸುತ್ತಿತ್ತು.

ಈ ಸಂಕಟದ ನಡುವೆ ಅಕ್ಕನ ಜೊತೆ ಭಾವನವರು ಬಂದಿಳಿದರು. ಅವರ ಬೀಗದ ಕೈ ಗೊಂಚಲಿನಲ್ಲಿ ಬೀಗದ ಕೈಗಳಿಗಿಂತಲೂ ಮುಖ್ಯವಾದ ವಸ್ತುವೊಂದಿದೆ. ಅದು ಸಿಮ್ ಟ್ರೇ ತೆಗೆಯುವ ಪಿನ್ನು. ಯಾರ ಫೋನಿಗೆ ಏನೇ ಆಗಲಿ, ಬ್ಯಾಟರಿ ಉಬ್ಬಲಿ, ಸ್ಪೀಕರು ಕೆಡಲಿ, ಭಾವನವರ ಚಿಕಿತ್ಸೆ ಒಂದೇ: ಸಿಮ್ ತೆಗೆಯುವುದು, ಅಂಗಿಯ ತುದಿಗೆ ಒರೆಸುವುದು, ಉಫ್ ಎಂದು ಊದಿ ಮತ್ತೆ ಹಾಕುವುದು.

“ಕೊಡಯ್ಯಾ ಇಲ್ಲಿ” ಎಂದವರೇ, ನಾನು ಬಾಯಿ ತೆರೆಯುವಷ್ಟರಲ್ಲಿ ಪಿನ್ನು ಚುಚ್ಚಿದರು. ಟ್ರೇ ಹೊರಗೆ ಬಂತು. ಅದರಲ್ಲಿ ಏನೂ ಇರಲಿಲ್ಲ.

“ಸಿಮ್ ಬಿತ್ತು! ಯಾರೂ ಕಾಲು ಎತ್ತಬೇಡಿ!”

ಕಾಫಿ ಲೋಟ ಹಿಡಿದು ಬರುತ್ತಿದ್ದ ಅಕ್ಕ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ಹಾಗೆಯೇ ನಿಂತಳು. ಭಾವನವರು ಕನ್ನಡಕವನ್ನು ಹಣೆಗೇರಿಸಿ, ತಮ್ಮ ಫೋನಿನ ಟಾರ್ಚು ಹಚ್ಚಿ, ನೆಲಕ್ಕೆ ಕೆನ್ನೆಯೂರಿ ಸೋಫಾದ ಕೆಳಗೆ ಇಣುಕಿದರು. ಅವರ ಗಾಬರಿಗೆ ಕಾರಣವಿಲ್ಲದಿಲ್ಲ. 1991ರಲ್ಲಿ ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿಯು ಫಿನ್‌ಲ್ಯಾಂಡಿನ ರಾಡಿಯೋಲಿನ್ಯಾ ಸಂಸ್ಥೆಗೆ ಮೊದಲ ಸಿಮ್‌ಗಳನ್ನು ಮಾಡಿಕೊಟ್ಟಾಗ ಅವು ಕ್ರೆಡಿಟ್ ಕಾರ್ಡಿನಷ್ಟು ದೊಡ್ಡವಿದ್ದವು. ಬಿದ್ದರೆ ಹುಡುಕಲು ಟಾರ್ಚು ಬೇಕಿರಲಿಲ್ಲ. ಮಿನಿ, ಮೈಕ್ರೋ ಎಂದು ಸವೆಯುತ್ತ ಬಂದು, 2012ರ ನ್ಯಾನೋ ಹೊತ್ತಿಗೆ ಅದು 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲಕ್ಕೆ ಇಳಿಯಿತು. ಅದಕ್ಕಿಂತ ಚಿಕ್ಕದನ್ನು ಮನುಷ್ಯರ ಕೈಗೆ ಕೊಡುವುದು ಕ್ಷೇಮವಲ್ಲವೆಂದೇ ಏನೋ, ಇ-ಸಿಮ್ಮಿನ ಚಿಪ್ಪನ್ನು ಫೋನಿನೊಳಗೇ ಬೆಸುಗೆ ಹಾಕಿ ಕೂಡಿಸಿದರು.

“ಭಾವ, ಇದರಲ್ಲಿ ಸಿಮ್ಮೇ ಇಲ್ಲ. ಇದು ಇ-ಸಿಮ್ಮು, ಒಳಗೇ ಅಂಟಿರುತ್ತೆ.”

ಭಾವನವರು ಕೆನ್ನೆಯ ಧೂಳು ಒರೆಸಿಕೊಂಡು ಎದ್ದು ಕುಳಿತರು. “ಮತ್ತೆ ಈ ಟ್ರೇ ಯಾಕಯ್ಯಾ ಇಟ್ಟಿದಾರೆ?”

ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ 2022ರ ಐಫೋನ್ 14ರಿಂದೀಚೆಗೆ ಟ್ರೇಯೇ ಇಲ್ಲವೆಂದು ಹೇಳಿದಾಗ ಅವರು ಗೊಂಚಲನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡರು.

ಇ-ಸಿಮ್ಮಿನ ಉಪಕಾರಗಳನ್ನು ನಾನು ಅಲ್ಲಗಳೆಯುವವನಲ್ಲ. ಕದ್ದವನು ಅದನ್ನು ಕಿತ್ತು ಚರಂಡಿಗೆ ಎಸೆಯಲಾರ. ಪರದೇಶಕ್ಕೆ ಹೋಗುವವರು ಹೊರಡುವ ಮೊದಲೇ ಅಲ್ಲಿನ ನಂಬರನ್ನು ಇಳಿಸಿಕೊಳ್ಳಬಹುದು. ಒಂದೇ ಚಿಪ್ಪಿನಲ್ಲಿ ಹಲವು ನಂಬರುಗಳು ಕೂರುತ್ತವೆ. ಆದರೆ ಇದೆಲ್ಲವೂ ಫೋನು ಸುಖವಾಗಿರುವ ದಿನದ ಮಾತು. ಫೋನು ಕೈಕೊಟ್ಟ ದಿನಕ್ಕೆ ಹೇಳಿ ಮಾಡಿಸಿದ್ದು ಆ ಪ್ಲಾಸ್ಟಿಕ್ ಚೂರು. ಅದನ್ನು ತೆಗೆದು ಇನ್ನೊಂದು ಫೋನಿಗೆ ಹಾಕುವುದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ.

ಭಾವನವರ ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದಿದೆ. ಸಿಮ್ ಮುರಿದುಕೊಂಡ ಮೇಲೆ ಉಳಿಯುವ ಚೌಕಟ್ಟುಗಳು, ನ್ಯಾನೋವನ್ನು ಮೈಕ್ರೋ ಮಾಡುವ ಅಡಾಪ್ಟರುಗಳು ಅದರ ತುಂಬ ಇವೆ. ಅವುಗಳ ನಡುವೆ, ಕಾಗದಕ್ಕೆ ಟೇಪು ಹಚ್ಚಿ ಅಂಟಿಸಿದ ಅವರ ತಂದೆಯವರ ಸಿಮ್ಮೂ ಇದೆ. ಆ ನಂಬರು ಬೇರೆ ಯಾರ ಪಾಲಿಗೋ ಹೋಗಿ ಬಹಳ ಕಾಲವಾಯಿತು. ಆದರೂ ಹಿರಿಯರು ತಾವೇ ಗುಂಡಿಯೊತ್ತಿ ಸಿಮ್ಮಿನಲ್ಲಿ ಉಳಿಸಿದ್ದ ಹೆಸರುಗಳು ಅದರಲ್ಲಿವೆಯೆಂದು ಭಾವನವರು ಅದನ್ನು ಬಿಸಾಡಿಲ್ಲ. ಇ-ಸಿಮ್ಮಿನ ಕಾಲದವರು ಹೋದ ಮೇಲೆ ಡಬ್ಬಿಯಲ್ಲಿ ಏನನ್ನು ಇಡಬೇಕೋ ನನಗೆ ತಿಳಿಯದು.

ಕೊನೆಗೆ ಗುರುತಿನ ಚೀಟಿ ಹಿಡಿದು ಕಂಪನಿಯ ಮಳಿಗೆಗೇ ಹೋಗಬೇಕಾಯಿತು. ಇ-ಸಿಮ್ಮಿನ ಕ್ಯೂಆರ್ ಕೋಡನ್ನು ಇಮೇಲಿಗೆ ಕಳುಹಿಸುತ್ತೇವೆ, ಹೊಸ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಿಕೊಳ್ಳಿ ಎಂದರು. ಇಮೇಲು ತೆರೆಯುವುದೂ ಆ ಫೋನಿನಲ್ಲೇ ಆದ್ದರಿಂದ, ಅದು ತನ್ನ ಬೆನ್ನಿನ ಕಣ್ಣಿನಿಂದ ತನ್ನ ಮುಖವನ್ನು ತಾನೇ ಹೇಗೆ ನೋಡಿಕೊಳ್ಳಬೇಕೆಂದು ನಾನು ಕೇಳಿದೆ. ಬೇರೆ ಫೋನಿಗೆ ಕಳುಹಿಸಿ ತೋರಿಸಬೇಕಂತೆ. ಭಾವನವರು ತಮ್ಮ ಫೋನನ್ನು ಮುಂದೆ ಚಾಚಿದ್ದೂ ಆಯಿತು. ನಾನು ಮಾತ್ರ ಕಾರ್ಡೇ ಕೊಡಿ ಎಂದೆ.

ಕಾರ್ಡು ಬಂತು. ಭಾವನವರು ಪಿನ್ನು ಚುಚ್ಚಿ ಟ್ರೇ ಎಳೆದು, ಹೊಚ್ಚಹೊಸ ಸಿಮ್ಮನ್ನೂ ಬಿಡದೆ ಅಂಗಿಗೆ ಒರೆಸಿ, ಊದಿ, ಕೂರಿಸಿದರು. ಕೌಂಟರಿನ ಹುಡುಗ ಮಿಕ್ಕ ಚೌಕಟ್ಟನ್ನು ಕಸದ ಬುಟ್ಟಿಯತ್ತ ಎತ್ತಿದ್ದನಷ್ಟೆ. “ತಡಿಯಪ್ಪಾ, ಅದು ನಮ್ದು” ಎಂದು ಭಾವನವರು ಅವನ ಕೈ ಹಿಡಿದುಕೊಂಡರು.